ಒಂಬತ್ತು ಗಾಡಿಗೆ ಹದಿನೆಂಟು ಸೆಕೆಂಡ್

ಗ್ಯಾರೇಜ್ ಕಟ್ಟೆ: ಓದುಗರ ಪ್ರಶ್ನೆ, ನಿವೃತ್ತ ಮೆಕ್ಯಾನಿಕ್ ಉತ್ತರ

ಈ ತಿಂಗಳ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಕಾಫಿ ತಂದ ಹೆಂಡತಿ ಒಂದೆರಡನ್ನು ಓದಿ ನೋಡಿ, "ಗಾಡಿ ಕೆಟ್ಟಿದೆ ಎಂದು ಬರೆದವರು ಇಬ್ಬರೇ, ಉಳಿದವರೆಲ್ಲ ಧೈರ್ಯ ಕೆಟ್ಟಿದೆ ಎಂದು ಬರೆದಿದ್ದಾರೆ" ಎಂದಳು. ಆ ಇಬ್ಬರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ವಿಲ್ಸನ್ ಗಾರ್ಡನ್‌ನಲ್ಲಿ 31 ವರ್ಷ ಗ್ಯಾರೇಜ್ ನಡೆಸಿದ ನನಗೆ ಸವೆದ ಕ್ಲಚ್ ಪ್ಲೇಟಿನ ರಿಪೇರಿ ಗೊತ್ತು, ಧೈರ್ಯದ ರಿಪೇರಿ ಹೊಸದು. ಆದರೂ ಕೈಯಾಡಿಸಿ ನೋಡುತ್ತೇನೆ.

ಪ್ರಶ್ನೆ: ನನಗೆ 27 ವರ್ಷ. ಮನೆ ಬಸವನಗುಡಿ, ಕೆಲಸ ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ. ಮೂರು ವರ್ಷ ಹಣ ಕೂಡಿಸಿ 350 ಸಿ.ಸಿ. ಬೈಕ್ ಕೊಂಡೆ. ಮೊದಲ ತಿಂಗಳು ಹಾರಾಡಿದೆ. ಒಂದು ಸಂಜೆ ಮಳೆ ನಿಂತು ಹತ್ತು ನಿಮಿಷವಾಗಿತ್ತು, ಮಿನರ್ವ ವೃತ್ತದ ಹತ್ತಿರ ಸಿಗ್ನಲ್ ಕೆಂಪಾಯಿತು, ಬ್ರೇಕ್ ಹಿಡಿದೆ, ಗಾಡಿ ಜಾರಿತು. ಎಬಿಎಸ್ ಇದ್ದೂ ಬಿದ್ದೆ. ಅಂದಿನಿಂದ ಹೆದರಿ ಹೆದರಿ ಓಡಿಸುತ್ತೇನೆ, ಸುಖವೇ ಇಲ್ಲ. ಹೆದರಿಕೆಯಿದ್ದರೆ ಮಾರಿಬಿಡು ಎಂದು ಸ್ನೇಹಿತರು ನಗುತ್ತಾರೆ. ಅಮ್ಮನೂ ಮಾರು ಎನ್ನುತ್ತಾಳೆ, ಬೇರೆ ಕಾರಣಕ್ಕೆ. ಈ ಊರಿನಲ್ಲಿ ಸುರಕ್ಷಿತವಾಗಿಯೂ ಇರಬೇಕು, ಬೈಕಿನ ಸುಖವೂ ಬೇಕು ಎಂದರೆ ಆಗುವ ಮಾತೇ? (ಹೆಸರು ಬೇಡ)

ಉತ್ತರ: ನೀವು ನನ್ನ ಕಿರಿಯ ಮಗನಿಗಿಂತ ಚಿಕ್ಕವರು. ಪತ್ರಿಕೆಯಾದ್ದರಿಂದ ನೀವು ಎಂದು ಬರೆಯುತ್ತಿದ್ದೇನೆ. ಗ್ಯಾರೇಜಿಗೆ ಬಂದಿದ್ದರೆ ಮೊದಲು ಬೈದು, ಆಮೇಲೆ ಚಹಾ ತರಿಸುತ್ತಿದ್ದೆ.

ಬಿದ್ದ ವಿಚಾರ ಮೊದಲು. ಸಿಗ್ನಲ್ ಹತ್ತಿರ ಪಾದಚಾರಿಗಳಿಗೆಂದು ಬಳಿದ ಬಿಳಿ ಪಟ್ಟಿಗಳಿರುತ್ತವೆ. ಒದ್ದೆಯಾದ ಬಣ್ಣದ ಮೇಲೆ ಟೈರಿಗೆ ಟಾರಿನ ಮೇಲಿನ ಹಿಡಿತ ಸಿಗುವುದಿಲ್ಲ. ನೀವು ಬ್ರೇಕ್ ಹಿಡಿದದ್ದು ಆ ಪಟ್ಟಿಯ ಮೇಲೆ ಎಂದು ನಾನು ಪಂದ್ಯ ಕಟ್ಟುತ್ತೇನೆ. 125 ಸಿ.ಸಿ. ಮೀರಿದ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ, ಒಳ್ಳೆಯದೇ. ಆದರೆ ಅದರ ಕೆಲಸ ಬ್ರೇಕ್ ಹಿಡಿದಾಗ ಚಕ್ರ ತಿರುಗುವುದೇ ನಿಂತು ಗಾಡಿ ಜಾರದಂತೆ ನೋಡಿಕೊಳ್ಳುವುದು. ರಸ್ತೆಯಲ್ಲೇ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತಂದುಕೊಟ್ಟೀತು? ಗಾಡಿ ಒಂದಿಷ್ಟು ವಾಲಿದ್ದರಂತೂ ಮುಗಿಯಿತು. ಬ್ರೇಕಿನ ಕೆಲಸವನ್ನು ಪಟ್ಟಿ ಬರುವುದಕ್ಕೆ ಮೊದಲೇ, ಒರಟು ಟಾರಿನ ಮೇಲೆ, ಗಾಡಿ ನೆಟ್ಟಗಿರುವಾಗ ಮುಗಿಸಿಕೊಳ್ಳಿ.

ಬೆಂಗಳೂರಿನ ಜಾರಿಕೆಗೆ ಒಂದು ಪಂಚಾಂಗವೇ ಇದೆ. ಬೇಸಿಗೆಯಲ್ಲಿ ಹೊಂಗೆ ಹೂವು ಅಕ್ಕಿ ಚೆಲ್ಲಿದ ಹಾಗೆ ರಸ್ತೆ ತುಂಬ ಉದುರುತ್ತದೆ, ಅದರ ಮೇಲೆ ನಾಲ್ಕು ಹನಿ ಬಿದ್ದರೆ ಸೋಪಿನ ನೊರೆಯಷ್ಟೇ ಜಾರು. ಆಮೇಲೆ ಮೊದಲ ಮಳೆ. ತಿಂಗಳುಗಟ್ಟಲೆ ಟಾರಿಗೆ ಅಂಟಿದ್ದ ಎಣ್ಣೆಯೆಲ್ಲ ನೀರಿನ ಮೇಲೆ ತೇಲುವ ಆ ಮೊದಲ ಅರ್ಧ ಗಂಟೆ ಯಾವುದಾದರೂ ಹೋಟೆಲಿನಲ್ಲಿ ಕೂತು ವಡೆ ತಿನ್ನುವುದು ಜಾಣತನ. ನೀರಿನ ಟ್ಯಾಂಕರ್ ತಿರುವಿನಲ್ಲಿ ತುಳುಕಿಸಿ ಹೋಗುವುದಕ್ಕೆ ಋತುವಿಲ್ಲ. ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ ವರ್ಷವಿಡೀ. ಆಯುಧ ಪೂಜೆಯ ಕುಂಬಳಕಾಯಿಗೆ ಬೇರೆಯೇ ಪತ್ರ ಬಂದಿದೆ, ಕೆಳಗೆ ನೋಡಿ.

ಇನ್ನು ಸುಖದ ಪ್ರಶ್ನೆ. ಬೈಕಿನ ಸುಖದಲ್ಲಿ ಒಂದು ಪಾಲು ಅಪಾಯದ್ದೇ. ನಿಧಾನವಾಗಿ ಹೋದರೂ ಅಷ್ಟೇ ಸುಖ ಎಂದು ಉಪದೇಶ ಮಾಡುವವರು ಒಂದೋ ಗಾಡಿ ಓಡಿಸಿಲ್ಲ, ಇಲ್ಲವೇ ಮರೆತಿದ್ದಾರೆ. 1986ರಲ್ಲಿ ಬಿಡದಿ ದಾಟಿದ ಮೇಲೆ ನನ್ನ ಯೆಜ್ಡಿಯ ಸ್ಪೀಡೊಮೀಟರ್ ಮುಳ್ಳು ನೂರರ ಹತ್ತಿರ ನಡುಗುತ್ತಿದ್ದಾಗ ಹೊಟ್ಟೆಯೊಳಗೆ ಎದ್ದದ್ದನ್ನು ಸುಳ್ಳೆನ್ನಲು ನನ್ನಿಂದ ಆಗದು. ಆ ಪಾಲನ್ನು ಊರೊಳಗೆ ಹುಡುಕಬಾರದು. ಅದು ನಷ್ಟವೇ, ನಷ್ಟದ ಲೆಕ್ಕಕ್ಕೆ ಬರೆದುಕೊಳ್ಳಿ. ಊರ ಹೊರಗೂ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಮೈಸೂರಿನ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನಾವು ಪಕ್ಕದ ಸರ್ವಿಸ್ ರಸ್ತೆಯವರು.

ಉಳಿದ ಸುಖದಲ್ಲಿ ಎರಡು ಜಾತಿಯಿದೆ ಎಂದು ನನಗೆ ತಿಳಿದದ್ದು 1989ರಲ್ಲಿ, ಬ್ರಿಗೇಡ್ ರಸ್ತೆಯಲ್ಲಿ. ಒಂದು ಅಂಗಡಿಗೆ ಆಳೆತ್ತರದ ಹೊಸ ಗಾಜು ಹಾಕಿಸಿದ್ದರು. ನಾನು ಹೊಸ ಜರ್ಕಿನ್ ತೊಟ್ಟಿದ್ದೆ. ಗಾಜಿನಲ್ಲಿ ಹೇಗೆ ಕಾಣುತ್ತೇನೆ ಎಂದು ನೋಡಿಕೊಳ್ಳುತ್ತ ಹೋಗಿ, ನಿಂತಿದ್ದ ಅಂಬಾಸಿಡರಿನ ಬೆನ್ನಿಗೆ ಮುಖ ಕೊಟ್ಟೆ. ವೇಗ ಹದಿನೈದೂ ಇರಲಿಲ್ಲ. ಮುಂದಿನ ಹಲ್ಲು ಒಂದು ಅಂದಿನಿಂದ ಕಟ್ಟಿಸಿಕೊಂಡದ್ದು. ಕಾರಿನ ಚಾಲಕ ಇಳಿದು ಬಂದ. ಬೈಯುತ್ತಾನೆ ಎಂದುಕೊಂಡೆ. ಅವನು ಗಾಜನ್ನು ನೋಡಿದ, ನನ್ನನ್ನು ನೋಡಿದ, "ಚೆನ್ನಾಗಿ ಕಾಣಿಸಿತೇ?" ಎಂದು ಕೇಳಿದ.

ಗಾಡಿ ಓಡಿಸುವ ಸುಖ ಬೇರೆ, ಓಡಿಸುವುದನ್ನು ಯಾರಾದರೂ ನೋಡಲಿ ಎನ್ನುವ ಸುಖ ಬೇರೆ. ನನ್ನ ಗ್ಯಾರೇಜಿಗೆ ಮುಂದಿನ ಫೋರ್ಕ್ ಬಗ್ಗಿಸಿಕೊಂಡು ಬಂದ ಹುಡುಗರಲ್ಲಿ ಹೆಚ್ಚಿನವರು ಎರಡನೆಯ ಸುಖದವರು. ನಿಮ್ಮ ಮೂಲ ಪತ್ರ ಇದಕ್ಕಿಂತ ಉದ್ದವಿತ್ತು. ಅದರಲ್ಲಿ ಸ್ನೇಹಿತರು ಏನೆಂದರು ಎನ್ನುವುದು ನಾಲ್ಕು ಸಲ ಬಂದಿದೆ, ಗಾಡಿ ಹೇಗೆ ಓಡುತ್ತದೆ ಎನ್ನುವುದು ಒಂದೇ ಸಲ.

ಹೆದರಿಕೆ ಹೋಗಬೇಕಾದರೆ ಮುಂದಿನದು ಕಾಣಬೇಕು. ಬಸ್ಸಿನ ಬೆನ್ನಿಗೆ ಅಂಟಿಕೊಂಡು ಹೋಗುವವನಿಗೆ ಕಾಣುವುದು ಬಸ್ಸಿನ ನಂಬರ್ ಮಾತ್ರ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಎರಡು ಸೆಕೆಂಡಿನ ಅಂತರ ಎಂದರೆ 22 ಮೀಟರ್, ಹತ್ತಿರ ಹತ್ತಿರ ಎರಡು ಬಸ್ಸಿನ ಉದ್ದ. ಮುಂದಿನ ಗಾಡಿ ಒಂದು ದೀಪದ ಕಂಬ ದಾಟಿದ ಕೂಡಲೇ ಎಣಿಸಿ, "ಸಾವಿರದ ಒಂದು, ಸಾವಿರದ ಎರಡು". ನೀವು ಆ ಕಂಬಕ್ಕೆ ಅಷ್ಟರೊಳಗೆ ಬಂದರೆ ಹತ್ತಿರ ಬಂದಿದ್ದೀರಿ ಎಂದರ್ಥ.

ಅಷ್ಟು ಜಾಗ ಬಿಟ್ಟರೆ ಆಟೋ ನುಗ್ಗುತ್ತದೆ ಎನ್ನುತ್ತೀರಿ. ನುಗ್ಗಲಿ. ನಿಮ್ಮ ಪತ್ರ ಬಂದ ಮೇಲೆ ಒಂದು ಬೆಳಗ್ಗೆ ನಿಮ್ಮದೇ ದಾರಿಯಲ್ಲಿ ಹೋದೆ. ಮಿನರ್ವ, ಪುರಭವನ, ಚಾಲುಕ್ಯ ವೃತ್ತ, ಮೇಖ್ರಿ ವೃತ್ತ, ಹೆಬ್ಬಾಳ. ನನ್ನ ಮುಂದಿನ ಜಾಗಕ್ಕೆ ನುಗ್ಗಿದವು ಒಂಬತ್ತು: ಐದು ಆಟೋ, ಮೂರು ಸ್ಕೂಟರ್, ಒಂದು ಹಾಲಿನ ಟೆಂಪೊ. ಪ್ರತಿಯೊಂದಕ್ಕೂ ಮತ್ತೆ ಎರಡು ಸೆಕೆಂಡ್ ಹಿಂದೆ ಸರಿದೆ. ಒಂಬತ್ತು ಗಾಡಿಗೆ ಹದಿನೆಂಟು ಸೆಕೆಂಡ್. ಇಡೀ ಬೆಂಗಳೂರನ್ನು ದಾಟುವುದಕ್ಕೆ ನಾನು ಕೊಟ್ಟ ಸುಂಕ ಅಷ್ಟು. ಹೆಬ್ಬಾಳದಲ್ಲಿ ವಾಹನಗಳೆಲ್ಲ ನಿಂತಾಗ ನೋಡುತ್ತೇನೆ, ಆ ಹಾಲಿನ ಟೆಂಪೊ ನನ್ನ ಪಕ್ಕದಲ್ಲೇ ನಿಂತಿತ್ತು.

ನಿಮ್ಮ ಸುಖವನ್ನು ನಾನು ಇಟ್ಟಿರುವುದು ಆ ಎರಡು ಬಸ್ಸಿನ ಖಾಲಿ ಜಾಗದಲ್ಲಿ. ಅಲ್ಲಿಂದ ಆಟೋದ ಮುಂದಿನ ಚಕ್ರ ಕಾಣುತ್ತದೆ. ಚಾಲಕ ಕೈ ತೋರಿಸುವುದಕ್ಕೋ ಕಾಲು ಚಾಚುವುದಕ್ಕೋ ಮೊದಲೇ ಚಕ್ರ ಹೊರಳಿರುತ್ತದೆ. ನಿಂತ ಕಾರಿನ ಕನ್ನಡಿಯಲ್ಲಿ ಒಂದು ತಲೆ ಕಂಡರೆ ಬಾಗಿಲು ತೆರೆಯಬಹುದು ಎಂದು ಗೊತ್ತಾಗುತ್ತದೆ. ನಿಲ್ದಾಣದಲ್ಲಿ ನಿಂತ ಬಸ್ಸಿನ ಎಡಕ್ಕೆ ತೂರಬಾರದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ, ಇಳಿಯುವವರ ಚಪ್ಪಲಿ ಮೆಟ್ಟಿಲ ಮೇಲೆ ಕಾಣುತ್ತಿರುತ್ತದೆ. ಕೆಂಪು ದೀಪ ದೂರದಿಂದಲೇ ಕಂಡರೆ ಥ್ರಾಟಲ್ ಬಿಟ್ಟು, ಗೇರ್ ಇಳಿಸಿ, ಎಂಜಿನ್ನಿಗೇ ಗಾಡಿಯನ್ನು ತಡೆಯಲು ಬಿಟ್ಟು, ಹಸಿರಾಗುವ ಹೊತ್ತಿಗೆ ಸರಿಯಾಗಿ ತಲುಪಬಹುದು. ನಾನೊಂದು ಆಟ ಆಡುತ್ತೇನೆ. ಮನೆಯಿಂದ ಹೊರಟು ಸೇರುವವರೆಗೆ ನನ್ನ ಕಾಲು ಎಷ್ಟು ಸಲ ನೆಲಕ್ಕೆ ತಾಗಿತು ಎಂದು ಎಣಿಸುವುದು. ವಿಲ್ಸನ್ ಗಾರ್ಡನ್‌ನಿಂದ ಮಲ್ಲೇಶ್ವರಕ್ಕೆ ನನ್ನ ದಾಖಲೆ ನಾಲ್ಕು. ಸಿಗ್ನಲ್ ಮುರಿದರೆ ಆಟದಿಂದ ಔಟ್. ಒಂದು ವಾರ ಆಡಿ ನೋಡಿ, ಪಕ್ಕದವನು ರೊಯ್ಯನೆ ಹೋದರೆ ಅಯ್ಯೋ ಪಾಪ ಎನಿಸುತ್ತದೆ.

ಒಂದು ಕೆಲಸ ಮಾತ್ರ ಕಲಿತೇ ತೀರಬೇಕು, ಮುಂದಿನ ಬ್ರೇಕ್. ನಾವೆಲ್ಲ ಸೈಕಲ್ಲಿನಿಂದ ಬಂದವರು, "ಮುಂದಿನದು ಹಿಡಿದರೆ ಪಲ್ಟಿ" ಎಂದು ಅಣ್ಣಂದಿರು ಹೆದರಿಸಿಟ್ಟಿದ್ದಾರೆ. ಗಾಡಿ ನಿಧಾನವಾಗುವಾಗ ಭಾರ ಮುಂದಿನ ಚಕ್ರಕ್ಕೆ ಸರಿಯುತ್ತದೆ. ಆದ್ದರಿಂದ ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಅಲ್ಲೇ ಇದೆ. ಹಿಂದಿನದನ್ನೇ ತುಳಿಯುವವನು ಅರ್ಧಕ್ಕಿಂತ ಕಡಿಮೆ ಬ್ರೇಕಿನಲ್ಲಿ ಬದುಕುತ್ತಿದ್ದಾನೆ. ಭಾನುವಾರ ಬೆಳಗ್ಗೆ ಖಾಲಿ ಬಡಾವಣೆಯ ಒಣ ರಸ್ತೆಗೆ ಹೋಗಿ, ಮೊದಲು 20, ಆಮೇಲೆ 30, ಆಮೇಲೆ 40ರಿಂದ ನಿಲ್ಲಿಸಿ. ಲಿವರನ್ನು ಥಟ್ಟನೆ ಎಳೆಯಬೇಡಿ. ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುವ ಹಾಗೆ, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ನಿಂತ ಜಾಗದಲ್ಲಿ ಸೀಮೆಸುಣ್ಣದಿಂದ ಗೆರೆ ಹಾಕಿ. ನಾಲ್ಕನೆಯ ಭಾನುವಾರದ ಗೆರೆ ಮೊದಲನೆಯದಕ್ಕಿಂತ ಎಷ್ಟು ಹಿಂದಿದೆ ಎಂದು ನನಗೆ ಬರೆದು ತಿಳಿಸಿ.

ಮತ್ತೆ, ಸಾಧ್ಯವಿದ್ದರೆ ಏಳು ಗಂಟೆಗೇ ಹೊರಡಿ. ಗಾಂಧಿ ಬಜಾರಿನ ಕಡೆ ಕಾಫಿ ಬೀಜ ಹುರಿಯುವ ಪರಿಮಳ, ಲಾಲ್‌ಬಾಗಿನ ಪಶ್ಚಿಮ ದ್ವಾರದ ಬಳಿ ಮೊಣಕಾಲಿಗೆ ತಾಗುವ ತಣ್ಣನೆಯ ಗಾಳಿ, ಅರಮನೆ ಮೈದಾನದ ಪಕ್ಕದಲ್ಲಿ ಮತ್ತೊಮ್ಮೆ ಅದೇ ತಂಪು. ಕಾರಿನೊಳಗಿನವನಿಗೆ ಬೆಂಗಳೂರೆಲ್ಲ ಒಂದೇ ಹವೆ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಬೈಕ್ ಕೊಂಡಿದ್ದಾನೆ. ಸಂಜೆ ಏಳಕ್ಕೆ ಫೋನ್ ಮಾಡಿದರೆ ಎತ್ತುವುದಿಲ್ಲ, ನನ್ನ ಜೀವ ಬಾಯಿಗೆ ಬರುತ್ತದೆ, ಎತ್ತುವವರೆಗೂ ಮಾಡುತ್ತಲೇ ಇರುತ್ತೇನೆ. 40ರ ಮೇಲೆ ಹೋಗುವುದಿಲ್ಲ ಎಂದು ನನ್ನ ಮೇಲೆ ಆಣೆ ಹಾಕಿಸಿಕೊಂಡಿದ್ದೇನೆ. ಇನ್ನೇನು ಮಾಡಲಿ? (ತಾಯಿ, ಹುಬ್ಬಳ್ಳಿ)

ಉತ್ತರ: ಅಕ್ಕಾ, ಬೇಸರ ಮಾಡಿಕೊಳ್ಳಬೇಡಿ. ಸಂಜೆ ಏಳಕ್ಕೆ ನಿಮ್ಮ ಮಗ ಇರುವುದು ರಸ್ತೆಯ ಮೇಲೆ. ಅವನ ಜೇಬಿನಲ್ಲಿ ಫೋನ್ ಗುರ್ ಎಂದಾಗ ಅವನ ಕಣ್ಣು ರಸ್ತೆಯಲ್ಲಿದ್ದರೂ ಮನಸ್ಸು ಹುಬ್ಬಳ್ಳಿಗೆ ಹೋಗಿರುತ್ತದೆ. ಮೂರನೆಯ ಸಲ ಗುರ್ ಎಂದರೆ ಮನೆಯಲ್ಲಿ ಏನಾದರೂ ಆಯಿತೇ ಎಂದು ಗಾಬರಿ ಬೀಳುತ್ತಾನೆ, ಫೋನನ್ನು ಹೆಲ್ಮೆಟ್ಟಿನ ಸಂದಿಗೆ ತುರುಕಿಕೊಂಡು ಮಾತಿಗೆ ಶುರು ಮಾಡುತ್ತಾನೆ. ಈ ಊರಿನಲ್ಲಿ ದಿನಾ ನೋಡುವ ದೃಶ್ಯ ಅದು, ಭುಜಕ್ಕೆ ತಲೆ ವಾಲಿಸಿಕೊಂಡು ಅರ್ಧ ರಸ್ತೆ ಮಾತ್ರ ನೋಡುತ್ತ ಹೋಗುವ ಮಕ್ಕಳು.

ನಾಳೆಯಿಂದ ನೀವು ಮಾಡಬೇಡಿ. ತಲುಪಿದ ಮೇಲೆ ನೀನೇ ಮಾಡು ಎಂದು ಹೇಳಿ. ಎಂಟೂವರೆಯಾದರೂ ಬಾರದಿದ್ದರೆ ಆಗ ಒಂದು ಸಲ ಮಾಡಿ. ಆ ಒಂದೂವರೆ ಗಂಟೆ ಕಳೆಯುವುದು ಕಷ್ಟ, ನನಗೆ ಗೊತ್ತು. ನನ್ನ ಹೆಂಡತಿ ಆ ಹೊತ್ತಿಗೆ ಸೊಪ್ಪು ಬಿಡಿಸುತ್ತಿದ್ದಳು, ನಮ್ಮ ಮನೆಯಲ್ಲಿ ಎಷ್ಟೋ ವರ್ಷ ದಿನಾ ಸೊಪ್ಪಿನ ಸಾರು.

ಆಣೆ ಬಿಟ್ಟುಬಿಡಿ. ಆಣೆ ಮುರಿದ ದಿನ ಅವನು ನಿಮಗೆ ಸುಳ್ಳು ಹೇಳಲು ಕಲಿಯುತ್ತಾನೆ, ವೇಗ ಮಾತ್ರ ಅಷ್ಟೇ ಇರುತ್ತದೆ. ಅದರ ಬದಲು ಹುಟ್ಟುಹಬ್ಬಕ್ಕೆ ಅಂಗಿ ಕೊಡಿಸುವ ದುಡ್ಡಿನಲ್ಲಿ ಒಂದು ಜೊತೆ ಒಳ್ಳೆಯ ಕೈಗವಸು ಕೊಡಿಸಿ. ಬೀಳುವಾಗ ಮನುಷ್ಯ ಮೊದಲು ಊರುವುದು ಅಂಗೈಯನ್ನೇ. ಮುಂದಿನ ಸಲ ಬೆಂಗಳೂರಿಗೆ ಬಂದಾಗ ಅವನ ಹಿಂದೆ ಕೂತು ಒಂದು ಸುತ್ತು ಹೋಗಿ ಬನ್ನಿ. ನಿಮಗೂ ಹೆಲ್ಮೆಟ್ ಬೇಕು, ಹಿಂಬದಿ ಸವಾರರಿಗೂ 2016ರಿಂದ ನಮ್ಮ ರಾಜ್ಯದಲ್ಲಿ ಅದು ಕಡ್ಡಾಯ. ಅವನು ಹೇಗೆ ಓಡಿಸುತ್ತಾನೆ ಎನ್ನುವುದು ನಿಮ್ಮ ಸೊಂಟಕ್ಕೆ ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ.

ಪ್ರಶ್ನೆ: ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಹಾಕಿದರೆ ಗಾಳಿಯೇ ತಾಗುವುದಿಲ್ಲ, ಕೂದಲೂ ಉದುರುತ್ತದೆ. ಅರ್ಧ ಹೆಲ್ಮೆಟ್ ಸಾಲದೇ? (ಓದುಗ, ರಾಜಾಜಿನಗರ)

ಉತ್ತರ: ನನ್ನ ಗ್ಯಾರೇಜಿನ ಗೋಡೆಗೆ ಒಂದು ಮೊಳೆ, ಮೊಳೆಗೆ ಒಂದು ಹೆಲ್ಮೆಟ್. ಗಲ್ಲದ ಭಾಗ ರಸ್ತೆಗೆ ಉಜ್ಜಿ ತೇಯ್ದು ಒಳಗಿನ ಬಿಳಿ ಥರ್ಮಕೋಲ್ ಕಾಣುತ್ತಿತ್ತು. ಅದರ ಯಜಮಾನ ಮರುವಾರ ಗಾಡಿ ಬಿಡಿಸಿಕೊಳ್ಳಲು ಬಂದಾಗ ಹುರಿದ ಕಡಲೆಕಾಯಿ ಜಗಿಯುತ್ತ ಬಂದ. ಅರ್ಧ ಹೆಲ್ಮೆಟ್ ಕೇಳಿ ಬಂದವರಿಗೆಲ್ಲ ನಾನು ಆ ಮೊಳೆ ತೋರಿಸುತ್ತಿದ್ದೆ, ಕಡಲೆಕಾಯಿಯ ವಿಷಯ ಹೇಳುತ್ತಿದ್ದೆ.

ಒಳಗಿನ ಆ ಥರ್ಮಕೋಲೇ ಹೆಲ್ಮೆಟ್ಟಿನ ಜೀವ. ಪೆಟ್ಟು ಬಿದ್ದಾಗ ಅದು ತಾನು ಅಪ್ಪಚ್ಚಿಯಾಗಿ ತಲೆಗೆ ತಲುಪುವ ಆಘಾತವನ್ನು ತಗ್ಗಿಸುತ್ತದೆ. ಅಪ್ಪಚ್ಚಿಯಾದದ್ದು ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಅದರ ಕೆಲಸ ಮುಗಿದಿದೆ. ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಕೊಳ್ಳಬಾರದು ಎನ್ನುವುದು ಇದಕ್ಕೇ. ಐಎಸ್ಐ ಗುರುತು, ಅದರ ಮೇಲೆ ಐಎಸ್ 4151 ಎಂಬ ಸಂಖ್ಯೆ ನೋಡಿ. 2021ರ ಜೂನ್‌ನಿಂದ ಈ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ, ಆದರೂ ರಸ್ತೆ ಬದಿಯಲ್ಲಿ ಗುರುತಿನ ಸ್ಟಿಕ್ಕರನ್ನೂ ಬೇರೆಯಾಗಿ ಅಂಟಿಸಿ ಮಾರುವ ಕಲಾವಿದರಿದ್ದಾರೆ. ಹಾಕಿಕೊಂಡಾಗ ಕೆನ್ನೆ ಒತ್ತಬೇಕು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಹಿಂದೆ ಉಳಿಯಬಾರದು. ಪಟ್ಟಿ ಬಿಗಿಯದಿದ್ದರೆ ಮನೆಯಲ್ಲೇ ಬಿಟ್ಟು ಬಂದದ್ದಕ್ಕೆ ಸಮ.

ಗಾಳಿ ಬೇಕಾದರೆ ಗಾಳಿಕಿಂಡಿ ಇರುವುದನ್ನು ಕೊಳ್ಳಿ. ಕೂದಲಿನ ಮಾತಿಗೆ, ಒಳಗೊಂದು ಹತ್ತಿ ಬಟ್ಟೆ ಕಟ್ಟಿ, ಹದಿನೈದು ದಿನಕ್ಕೊಮ್ಮೆ ಒಳಪದರ ಒಗೆಯಿರಿ. ನಾನು ಜೀವನವಿಡೀ ಹೆಲ್ಮೆಟ್ ಹಾಕಿದವನು, ಬೋಳನಾಗಿದ್ದೇನೆ. ನನ್ನ ತಮ್ಮ ಗಾಡಿಯನ್ನೇ ಮುಟ್ಟಿದವನಲ್ಲ, ಅವನೂ ಬೋಳ. ನಮ್ಮ ಅಪ್ಪನ ಫೋಟೊ ನೋಡಿದರೆ ಕಾರಣ ತಿಳಿಯುತ್ತದೆ.

ಪ್ರಶ್ನೆ: ಜೋರು ಶಬ್ದದ ಸೈಲೆನ್ಸರ್ ಹಾಕಿಸಿದರೆ ಎಲ್ಲರಿಗೂ ಕೇಳಿಸುತ್ತದೆ, ಸುರಕ್ಷಿತ ಎನ್ನುತ್ತಾರೆ. ಹೌದೇ?

ಉತ್ತರ: ಸೈಲೆನ್ಸರಿನ ಬಾಯಿ ಹಿಂದಕ್ಕಿದೆ, ನಿಮ್ಮನ್ನು ಗುದ್ದುವ ಆಟೋ ಮುಂದಿನಿಂದ ಬರುತ್ತದೆ. ನಿಮ್ಮ ಶಬ್ದ ಸರಿಯಾಗಿ ಕೇಳಿಸುವುದು ದಾಟಿ ಹೋದ ಮೇಲೆ ತೊಟ್ಟಿಲಿನಲ್ಲಿ ಎಚ್ಚರವಾಗುವ ಮಗುವಿಗೆ.

ಪ್ರಶ್ನೆ: ನಾನು ಮೈಸೂರಿನಲ್ಲಿ ಶಿಕ್ಷಕಿ, ಸೀರೆ ಉಟ್ಟೇ ಸ್ಕೂಟರ್ ಓಡಿಸುತ್ತೇನೆ. ಶಾಲೆಗೆ ಹೋಗಿ ಬರುವುದು ಬಿಟ್ಟರೆ ಎಲ್ಲಿಗೂ ಹೋಗಿಲ್ಲ. ಭಾನುವಾರ ಬೆಳಗ್ಗೆ ಒಬ್ಬಳೇ ಚಾಮುಂಡಿ ಬೆಟ್ಟಕ್ಕೆ ಹೋಗಿ ಬರಬೇಕೆಂಬ ಆಸೆ. ಬೆಟ್ಟದ ರಸ್ತೆ, ನಿನಗೆ ಬೇಡ ಎಂದು ಮನೆಯವರು ಹೇಳುತ್ತಾರೆ. (ಟೀಚರ್, ಸರಸ್ವತೀಪುರಂ)

ಉತ್ತರ: ದಿನಾ ಶಾಲೆ ಬಿಡುವ ಹೊತ್ತಿನ ರಸ್ತೆಯಲ್ಲಿ ಸ್ಕೂಟರ್ ಓಡಿಸುವವರಿಗೆ ಬೆಟ್ಟ ಏನು ಮಹಾ, ಟೀಚರ್? ಹೋಗಿ ಬನ್ನಿ. ಹತ್ತುವುದು ಸುಲಭ, ಇಳಿಯುವಾಗ ಮೂರು ಮಾತು ನೆನಪಿಡಿ. ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸಿ ಜಾರಿಸಬೇಡಿ. ಬ್ರೇಕನ್ನು ಉದ್ದಕ್ಕೂ ಹಿಡಿದೇ ಇರಬೇಡಿ, ಡ್ರಮ್ ಬ್ರೇಕ್ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ತಿರುವಿಗೆ ಮೊದಲು ಚೆನ್ನಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡಿ. ಎಡಗೈಯ ಲಿವರ್ ಹಿಡಿದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುವ ವ್ಯವಸ್ಥೆ ಈಚಿನ ಸಾಮಾನ್ಯ ಸ್ಕೂಟರುಗಳಲ್ಲಿದೆ, ನಿಮ್ಮದರಲ್ಲಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಸ್ಕೂಟರಿನ ಚಕ್ರ ಚಿಕ್ಕದು, ಬೈಕ್ ಹಾರಿಸಿಕೊಂಡು ಹೋಗುವ ಗುಂಡಿಗೆ ಅದು ಇಳಿದೇ ಹೋಗುತ್ತದೆ. ಹಾಗಾಗಿ ನೋಟ ದೂರವಿರಲಿ.

ಸೆರಗನ್ನು ಸೊಂಟಕ್ಕೆ ಸುತ್ತಿ ಪಿನ್ ಹಾಕಿ. ಬೈಕಿನ ಹಿಂದೆ ಕೂರುವ ದಿನ ಚಕ್ರಕ್ಕೆ ಸೀರೆ ಗಾರ್ಡ್ ಇದೆಯೇ ನೋಡಿ. ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ಗಾರ್ಡ್ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಚಂದ ಕಾಣುವುದಿಲ್ಲ ಎಂದು ಹುಡುಗರು ಅದನ್ನು ಬಿಚ್ಚಿಸುತ್ತಾರೆ. ನನ್ನ ಬಳಿ ಬಿಚ್ಚಿಸಲು ಬಂದವರಿಗೆ ನಾನು ಪಾನಾ ಕೈಗೆ ಕೊಟ್ಟು, ನೀನೇ ಬಿಚ್ಚಿಕೋ ಎನ್ನುತ್ತಿದ್ದೆ. ಅರ್ಧಕ್ಕರ್ಧ ಜನ ವಾಪಸ್ ಹೋಗುತ್ತಿದ್ದರು.

ಬೆಟ್ಟದ ಮೇಲೆ ನಂದಿಯ ಹತ್ತಿರ ಸ್ವಲ್ಪ ಹೊತ್ತು ಕೂತು ಬನ್ನಿ. ಮನೆಯವರಿಗೆ ಹೇಳಿಯೇ ಹೋಗಿ, ಅನುಮತಿ ಕೇಳಬೇಕಾಗಿಲ್ಲ.

ಪ್ರಶ್ನೆ: ಮೂರೂವರೆ ವರ್ಷದ ಮಗಳಿಗೆ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಒಂದು ಸುತ್ತು ಹೋದರೇ ಊಟ ಇಳಿಯುವುದು. ಬಡಾವಣೆಯೊಳಗೆ ತಾನೇ, ತಪ್ಪೇನು? (ತಂದೆ, ಬನಶಂಕರಿ)

ಉತ್ತರ: ನನ್ನ ಮಕ್ಕಳನ್ನೂ ಹಾಗೆಯೇ ಕೂರಿಸಿಕೊಂಡಿದ್ದೆ. ಈಗ ಅದನ್ನು ನೆನೆದರೆ ಕೈ ಬೆವರುತ್ತದೆ. ಬಡಾವಣೆಯೊಳಗೆ ನಾಯಿ ಅಡ್ಡ ಬಂತೆನ್ನಿ. ನೀವು ಬ್ರೇಕ್ ಹಿಡಿಯುತ್ತೀರಿ, ನಿಮ್ಮ 70 ಕಿಲೊ ಮುಂದಕ್ಕೆ ಬರುತ್ತದೆ, ನಿಮಗೂ ಹ್ಯಾಂಡಲಿಗೂ ನಡುವೆ ಇರುವುದು ಮಗು.

ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ 2023ರ ಫೆಬ್ರವರಿಯಿಂದ ನಿಯಮವಿದೆ: ದೊಡ್ಡವರ ಮೈಗೆ ಮಗುವನ್ನು ಕಟ್ಟುವ ಸುರಕ್ಷತಾ ಪಟ್ಟಿ, ಮಗುವಿನ ಅಳತೆಯ ಹೆಲ್ಮೆಟ್, ವೇಗ 40 ಮೀರಬಾರದು. ಪಟ್ಟಿ ಕೊಡಿಸಿ, ಹಿಂದೆ ಕೂರಿಸಿ. ಹೆಲ್ಮೆಟ್ಟಿನ ಬಣ್ಣ ಅವಳೇ ಆರಿಸಲಿ. ಊಟಕ್ಕೆ ಮೊದಲು ನಿಂತ ಗಾಡಿಯ ಮೇಲೆ ಕೂರಿಸಿ ಹಾರನ್ ಒತ್ತಲು ಬಿಡಿ. ಪಕ್ಕದ ಮನೆಯವರು ಬೈದರೆ ಬೈಸಿಕೊಳ್ಳಿ.

ಪ್ರಶ್ನೆ: ಆಯುಧ ಪೂಜೆಗೆ ಗಾಡಿಯ ಮುಂದೆ ಬೂದುಗುಂಬಳ ಒಡೆದರೆ ವರ್ಷವಿಡೀ ಅಪಘಾತವಾಗುವುದಿಲ್ಲ ಎಂದು ಅತ್ತೆ ಹೇಳುತ್ತಾರೆ. ನಿಮ್ಮ ಅಭಿಪ್ರಾಯ?

ಉತ್ತರ: ನಾನೂ ಪೂಜೆ ಮಾಡುತ್ತೇನೆ. ಪಾನಾ, ಸ್ಕ್ರೂಡ್ರೈವರ್‌ಗಳಿಗೆಲ್ಲ ಕುಂಕುಮ ಇಟ್ಟು ಒಂದು ದಿನ ಮುಟ್ಟದೆ ಕೂರುತ್ತೇನೆ. ಕುಂಬಳಕಾಯಿಯನ್ನೂ ಒಡೆಯುತ್ತೇನೆ, ಒಡೆದ ಕೈಯಲ್ಲೇ ಹೋಳುಗಳನ್ನು ಬಾಚಿ ಮೂಲೆಗೆ ಹಾಕಿ, ಒಂದು ಬಕೆಟ್ ನೀರು ಸುರಿದು ಗುಡಿಸುತ್ತೇನೆ. ಜಜ್ಜಿದ ಬೂದುಗುಂಬಳದ ತಿರುಳಿಗಿಂತ ಜಾರುವ ವಸ್ತುವನ್ನು ನಾನು ಗ್ಯಾರೇಜಿನಲ್ಲೂ ಕಂಡಿಲ್ಲ, ಅಲ್ಲಿ ಎಣ್ಣೆ, ಗ್ರೀಸ್ ಎಲ್ಲ ಇತ್ತು. ನಿಮ್ಮ ಗಾಡಿಗೆ ತಗಲಿದ ದೃಷ್ಟಿಯನ್ನು ತೆಗೆದು ರಸ್ತೆಯ ನಡುವೆ ಬಿಟ್ಟು ಬಂದರೆ, ರಾತ್ರಿ ಪಾಳಿ ಮುಗಿಸಿ ಬರುವ ಇನ್ಯಾರೋ ಅದರ ಮೇಲೆ ಬೀಳುತ್ತಾರೆ. ಚಕ್ರದಡಿ ನಿಂಬೆಹಣ್ಣು ಇಡಲು ಬಗ್ಗುತ್ತೀರಲ್ಲ, ಆಗಲೇ ಟೈರಿನ ಗೆರೆಗಳನ್ನೂ ನೋಡಿಬಿಡಿ. ಗಾಳಿ ಎಷ್ಟಿರಬೇಕು ಎನ್ನುವುದು ಚೈನ್ ಕವರಿನ ಹತ್ತಿರದ ಸ್ಟಿಕ್ಕರಿನಲ್ಲಿದೆ. ಅತ್ತೆಯವರಿಗೆ ನನ್ನ ನಮಸ್ಕಾರ.

ಪ್ರಶ್ನೆ: ನನ್ನ ಬಳಿ 1982ರ ಯೆಜ್ಡಿ ಇದೆ, ಮೊದಲ ಸಂಬಳದಲ್ಲಿ ಕಂತು ಕಟ್ಟಿ ಕೊಂಡದ್ದು. ನನಗೀಗ 66. ವಾರಕ್ಕೊಮ್ಮೆ ಮಲ್ಲೇಶ್ವರದಿಂದ ಸ್ಯಾಂಕಿ ಕೆರೆಯ ಸುತ್ತ ಹೋಗಿ ಬರುತ್ತೇನೆ. ಈ ವಯಸ್ಸಿನಲ್ಲಿ ಬೇಡ, ಮಾರು ಎಂದು ಮಗ ಹಟ ಹಿಡಿದಿದ್ದಾನೆ. ನೀವೇ ಹೇಳಿ. (ಹಿರಿಯ ಓದುಗರು)

ಉತ್ತರ: ರಾಯರೇ, ಮಾರುವುದಾದರೆ ಮೊದಲು ನನಗೆ ತಿಳಿಸಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೆ ಹಳೆಯ ಯೆಜ್ಡಿ ಕೈಬಿಡುವವರನ್ನು ನಾನು ಸಂಬಂಧಿಕರ ಹಾಗೆ ವಿಚಾರಿಸಿಕೊಳ್ಳುತ್ತೇನೆ.

ವಯಸ್ಸನ್ನು ಪಂಚಾಂಗದಲ್ಲಿ ನೋಡಬೇಡಿ, ಗಾಡಿಯ ಬಳಿ ನೋಡಿ. ಒಬ್ಬರೇ ಸೆಂಟರ್ ಸ್ಟ್ಯಾಂಡ್ ಹಾಕಿ ತೆಗೆಯಲು ಬರುತ್ತದೆಯೇ? ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್ ಆಗುವ ಯೆಜ್ಡಿಯ ಜಾಣತನ ನಿಮಗೆ ಗೊತ್ತೇ ಇದೆ, ಮೂರನೆಯ ಕಿಕ್ಕಿಗೆ ಮೊಣಕಾಲು ಏನು ಹೇಳುತ್ತದೆ? ಕುತ್ತಿಗೆ ತಿರುಗಿಸಿ ಬಲ ಭುಜದ ಹಿಂದೆ ನೋಡಲು ಆಗುತ್ತದೆಯೇ? ಈ ಮೂರಕ್ಕೂ ಹೌದು ಎಂದರೆ ಓಡಿಸಿ. ಒಂದಕ್ಕೆ ಇಲ್ಲ ಎಂದರೂ ಆ ವಾರ ಬೇಡ.

ನಿಮ್ಮ ಗಾಡಿಯದು ಟೂ-ಸ್ಟ್ರೋಕ್ ಎಂಜಿನ್, ಥ್ರಾಟಲ್ ಬಿಟ್ಟರೂ ಗಾಡಿಯನ್ನು ಹಿಡಿದು ನಿಲ್ಲಿಸುವ ಸ್ವಭಾವ ಅದಕ್ಕಿಲ್ಲ. ಬ್ರೇಕುಗಳೂ ಡ್ರಮ್. ಮುಂದಿನ ಹುಡುಗನ ಬೈಕಿಗೆ ಡಿಸ್ಕ್, ಎಬಿಎಸ್ ಎಲ್ಲ ಇದೆ, ಅವನು ನಿಂತ ಜಾಗದಲ್ಲಿ ನೀವು ನಿಲ್ಲಲಾರಿರಿ. ಮೇಲಿನ ತರುಣನಿಗೆ ಎರಡು ಸೆಕೆಂಡ್ ಹೇಳಿದ್ದೇನೆ, ನೀವು ನಾಲ್ಕು ಇಟ್ಟುಕೊಳ್ಳಿ. ಕತ್ತಲಾದ ಮೇಲೆ ಬೇಡ. ನಿಮ್ಮ ಹೆಡ್‌ಲೈಟ್ ಹಣತೆ, ಎದುರಿನವರದು ಸೂರ್ಯ. ಕಣ್ಣಿನ ಪೊರೆ ಪರೀಕ್ಷೆ ಮಾಡಿಸಿ. 55 ದಾಟಿದವರ ಲೈಸೆನ್ಸ್ ನವೀಕರಿಸುವುದು ಐದೈದು ವರ್ಷಕ್ಕೆ, ಆ ವೈದ್ಯಕೀಯ ಪ್ರಮಾಣಪತ್ರಕ್ಕೆ ಸುಮ್ಮನೆ ಸಹಿ ಹಾಕಿಸಿಕೊಂಡು ಬರುವ ಬದಲು ನಿಜವಾಗಿಯೂ ತಪಾಸಣೆ ಮಾಡಿಸಿಕೊಳ್ಳಿ. ಬೆಳಗ್ಗೆ ಆರೂವರೆಗೆ ಸ್ಯಾಂಕಿ ಕೆರೆಯ ರಸ್ತೆ ನಿಮ್ಮದೇ.

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ, ಯೆಜ್ಡಿಯವರೆಲ್ಲ ಸೇರುತ್ತಾರೆ, ಮಗನನ್ನೂ ಕರೆದುಕೊಂಡು ಬನ್ನಿ. ಆ ಹೊಗೆಯಲ್ಲಿ ಅರ್ಧ ಗಂಟೆ ನಿಂತರೆ ಅವನ ಹಟ ಸಡಿಲವಾದೀತು. ಮೊಣಕಾಲು ಇಲ್ಲ ಎಂದ ದಿನ ನನಗೊಂದು ಕಾಗದ ಹಾಕಿ. ನಾನು ಕಿಕ್ ಮಾಡಿ ಓಡಿಸುತ್ತೇನೆ, ನೀವು ಹಿಂದೆ ಕೂತುಕೊಳ್ಳುವಿರಂತೆ. ಹೆಲ್ಮೆಟ್ ನೀವೇ ತರಬೇಕು, ನನ್ನ ಮೊಳೆಯ ಮೇಲಿರುವುದು ಕೆಲಸಕ್ಕೆ ಬಾರದು.